‘ಅಲ್ಲಿ ಯಾರು ಬೇಕಾದರೂ ಬಂದೂಕು ಕೊಳ್ಳಬಹುದಂತೆ, ಹೌದಾ?’

ಅಮೆರಿಕದಲ್ಲಿ ಗುಂಡಿನ ದಾಳಿಯಾದ ಸುದ್ದಿ ಟಿವಿಯಲ್ಲಿ ಬಂದ ದಿನ ಇಲ್ಲಿರುವ ಮಕ್ಕಳಿಗೆ ಊರಿನಿಂದ ಫೋನ್ ಬರುತ್ತದೆ. ಕುಶಲ ವಿಚಾರಿಸಿದ ಮೇಲೆ ಕೇಳುವ ಪ್ರಶ್ನೆ ಇದೇ. ಹೌದೆಂದರೂ ತಪ್ಪು, ಇಲ್ಲವೆಂದರೂ ತಪ್ಪು.

ನಮ್ಮಲ್ಲಿ ಬೆಳೆ ಕಾಯಲೆಂದು ಮಲೆನಾಡಿನ ರೈತ ಕೋವಿ ಕೇಳಿದರೂ ಅರ್ಜಿ, ಪೊಲೀಸ್ ವರದಿ, ಜಿಲ್ಲಾಧಿಕಾರಿ ಕಚೇರಿ ಎಲ್ಲ ದಾಟಬೇಕು. ಕೊಡವರಿಗೆ, ಕೊಡಗಿನ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ ಇದೆ. ಉಳಿದವರನ್ನು ಸರ್ಕಾರ ‘ನಿನಗೇಕೆ ಬೇಕು?’ ಎಂದು ಕೇಳುತ್ತದೆ. ಅಮೆರಿಕದಲ್ಲಿ ಇದು ತಿರುಗುಮುರುಗು. ಆಯುಧ ಇಟ್ಟುಕೊಳ್ಳುವ ಹಕ್ಕು ಕೊಡುವ ಸಂವಿಧಾನದ ಎರಡನೇ ತಿದ್ದುಪಡಿಯ ಕಾರಣ, ಕೊಡುವುದಿಲ್ಲ ಎನ್ನಲು ಸರ್ಕಾರವೇ ಕಾರಣ ತೋರಿಸಬೇಕು. ಮನೆಯಲ್ಲಿ ಆತ್ಮರಕ್ಷಣೆಗೆ ಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದು ಸುಪ್ರೀಂ ಕೋರ್ಟ್ 2008ರ ಹೆಲ್ಲರ್ ಪ್ರಕರಣದಲ್ಲಿ ಹೇಳಿತು. 2022ರ ಬ್ರೂಯೆನ್ ತೀರ್ಪು ಆ ಹಕ್ಕನ್ನು ಹೊಸ್ತಿಲಾಚೆಗೂ ತಂದಿತು.

ಹಾಗೆಂದು ಅಂಗಡಿಯವರು ದುಡ್ಡು ಎಣಿಸಿಕೊಂಡು ಪಿಸ್ತೂಲು ಕೈಗಿಡುವಂತಿಲ್ಲ. ಕೊಳ್ಳುವವರು ಗುರುತಿನ ಚೀಟಿ ತೋರಿಸಿ ‘4473’ ಎಂಬ ಫಾರಂ ತುಂಬಬೇಕು. ಗಂಭೀರ ಅಪರಾಧದಲ್ಲಿ ಶಿಕ್ಷೆಯಾಗಿದೆಯೇ, ಹೆಂಡತಿ ಮಕ್ಕಳ ಮೇಲೆ ಕೈಮಾಡಿದ್ದಕ್ಕೆ ಶಿಕ್ಷೆಯಾಗಿದೆಯೇ, ಮಾದಕ ವಸ್ತು ಬಳಸುತ್ತೀರಾ, ಬೇರೆಯವರಿಗಾಗಿ ಕೊಳ್ಳುತ್ತಿದ್ದೀರಾ ಎಂದೆಲ್ಲ ಅದರಲ್ಲಿ ಪ್ರಶ್ನೆಗಳಿರುತ್ತವೆ. ಸುಳ್ಳು ಬರೆದರೆ ಅದೇ ಒಂದು ಅಪರಾಧ. ಆಮೇಲೆ ಅಂಗಡಿಯವರು ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐನ ತಪಾಸಣಾ ವ್ಯವಸ್ಥೆಗೆ ಹೆಸರು ಕಳಿಸುತ್ತಾರೆ. 1998ರಿಂದ ನಡೆದುಬಂದಿರುವ ಈ ವ್ಯವಸ್ಥೆ ಕೊಡುವ ಉತ್ತರ ಮೂರೇ: ಕೊಡಿ, ಕೊಡಬೇಡಿ, ಕಾಯಿರಿ. ಹೆಚ್ಚಿನವರಿಗೆ ಕೆಲವೇ ನಿಮಿಷಗಳಲ್ಲಿ ‘ಕೊಡಿ’ ಬರುತ್ತದೆ.

ಎಡವಟ್ಟಾಗುವುದು ‘ಕಾಯಿರಿ’ ಬಂದಾಗ. ಮೂರು ಕೆಲಸದ ದಿನಗಳೊಳಗೆ ಎಫ್‌ಬಿಐ ಉತ್ತರಿಸದಿದ್ದರೆ, ಕೇಂದ್ರ ಕಾನೂನಿನ ಪ್ರಕಾರ ಅಂಗಡಿಯವರು ಮಾರಬಹುದು. 2015ರಲ್ಲಿ ಚಾರ್ಲ್ಸ್‌ಟನ್ ಚರ್ಚಿನಲ್ಲಿ ಒಂಬತ್ತು ಜನರನ್ನು ಕೊಂದವನಿಗೆ ಪಿಸ್ತೂಲು ಸಿಕ್ಕಿದ್ದು ಹೀಗೇ. ಅವನ ಮಾದಕ ವಸ್ತು ಕೇಸಿನ ವಿವರ ಆ ಅವಧಿಯಲ್ಲಿ ಪರಿಶೀಲಕರ ಕೈಗೆ ತಲುಪಲಿಲ್ಲ. ಇನ್ನೊಂದು ತೊಂದರೆ, ಯಾರೂ ಕಳಿಸದ ದಾಖಲೆ ಕಂಪ್ಯೂಟರಿನಲ್ಲಿ ಇರುವುದಿಲ್ಲ. 2017ರಲ್ಲಿ ಟೆಕ್ಸಾಸಿನ ಸದರ್‌ಲ್ಯಾಂಡ್ ಸ್ಪ್ರಿಂಗ್ಸ್ ಚರ್ಚಿನಲ್ಲಿ ಗುಂಡು ಹಾರಿಸಿದವನಿಗೆ ಕುಟುಂಬ ಹಿಂಸೆಗಾಗಿ ಸೇನಾ ನ್ಯಾಯಾಲಯದಲ್ಲಿ ಶಿಕ್ಷೆಯಾಗಿತ್ತು. ವಾಯುಪಡೆ ಅದನ್ನು ಎಫ್‌ಬಿಐಗೆ ತಿಳಿಸಿರಲೇ ಇಲ್ಲ.

ಅಂಗಡಿಯ ಹೊರಗಿನ ವ್ಯವಹಾರಕ್ಕೆ ಇಷ್ಟೂ ಇಲ್ಲ. ಒಂದೇ ರಾಜ್ಯದ ಇಬ್ಬರು ಖಾಸಗಿಯಾಗಿ ಕೊಟ್ಟು ತೆಗೆದುಕೊಂಡರೆ ಕೇಂದ್ರ ಕಾನೂನು ತಪಾಸಣೆ ಕೇಳುವುದಿಲ್ಲ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ರಾಜ್ಯಗಳು ಕೇಳುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಅದರ ಮೇಲೆ ಹತ್ತು ದಿನ ಕಾಯಬೇಕು. ಹಾಗಾಗಿ ‘ಅಮೆರಿಕದ ಕಾನೂನು’ ಎನ್ನುವ ಬದಲು ಯಾವ ರಾಜ್ಯದ್ದೆಂದು ಕೇಳುವುದೇ ಸರಿ.

ಬಂದೂಕಿನ ನಂಬರ್ ಒತ್ತಿದೊಡನೆ ಮಾಲೀಕರ ಹೆಸರು ಬರುತ್ತದೆ ಎಂಬುದೂ ತಪ್ಪು ತಿಳಿವಳಿಕೆ. ಬಂದೂಕು ಮಾಲೀಕರ ರಾಷ್ಟ್ರಮಟ್ಟದ ಪಟ್ಟಿ ಮಾಡದಂತೆ 1986ರ ಕಾನೂನೇ ತಡೆದಿದೆ. ಪತ್ತೆಹಚ್ಚುವ ಸಿಬ್ಬಂದಿ ತಯಾರಕರನ್ನು ಕೇಳಿ, ಅಲ್ಲಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಅಂಗಡಿಗೆ ಹೋಗಿ, ಕೊನೆಗೆ ಆ 4473 ಹುಡುಕಿಸಬೇಕು. ಮೊದಲು ಕೊಂಡವರ ಹೆಸರು ಸಿಗುತ್ತದೆ. ಅವರು ಬೇರೆಯವರಿಗೆ ಮಾರಿದ್ದರೆ ಜಾಡು ಸಾಮಾನ್ಯವಾಗಿ ಅಲ್ಲಿಗೇ ತಪ್ಪುತ್ತದೆ.

ನಮ್ಮವರು ಗಮನಿಸಬೇಕಾದ ಮಾತು ಒಂದಿದೆ. ಉದ್ಯೋಗದ ಎಚ್-1ಬಿ, ಅವರ ಕುಟುಂಬದವರ ಎಚ್-4, ವಿದ್ಯಾರ್ಥಿಗಳ ಎಫ್-1, ಪ್ರವಾಸಿ ವೀಸಾ ಯಾವುದರಲ್ಲಿ ಬಂದವರೇ ಆಗಲಿ, ಬಂದೂಕು ಕೊಳ್ಳುವುದು ಮಾತ್ರವಲ್ಲ, ಕೈಯಲ್ಲಿ ಹಿಡಿಯುವುದೂ ಸಾಮಾನ್ಯವಾಗಿ ನಿಷಿದ್ಧ. ಶೂಟಿಂಗ್ ರೇಂಜಿನಲ್ಲಿ ಬಾಡಿಗೆಗೆ ಪಡೆದು ಹಾರಿಸುವುದಕ್ಕೂ ಇದು ಅನ್ವಯಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ರೇಂಜಿನವರು ಕೇಳಲಿಲ್ಲ ಎಂಬುದು ಸಮಜಾಯಿಷಿಯಾಗದು. ಶಿಕ್ಷೆ 15 ವರ್ಷದವರೆಗೂ ಇದೆ, ವೀಸಾಕ್ಕೂ ಕುತ್ತು. ಬಂದೂಕು ಹಿಡಿದ ಫೋಟೋ ಹಾಕಿಕೊಂಡವರು ತಮ್ಮ ವಿರುದ್ಧ ತಾವೇ ಸಾಕ್ಷಿ ಕೊಟ್ಟಂತೆ. ಗ್ರೀನ್ ಕಾರ್ಡ್ (ಕಾಯಂ ವಾಸದ ಅನುಮತಿ) ಇದ್ದವರಿಗೆ ಈ ನಿಷೇಧವಿಲ್ಲ.

ಟಿವಿ ತೋರಿಸದ ಸಂಗತಿಯೇ ಎಲ್ಲಕ್ಕಿಂತ ದೊಡ್ಡದು. 2023ರಲ್ಲಿ ಗುಂಡಿಗೆ ಬಲಿಯಾದವರು ಸುಮಾರು 46,700 ಮಂದಿ. ಅವರಲ್ಲಿ 27,000ಕ್ಕೂ ಹೆಚ್ಚು ಜನರದು ಆತ್ಮಹತ್ಯೆ. ಕೊಲೆಗಳಲ್ಲೂ ಹೆಚ್ಚಾಗಿ ಬಳಕೆಯಾಗುವುದು ಸುದ್ದಿಯಲ್ಲಿ ಕಾಣುವ ಉದ್ದನೆಯ ರೈಫಲ್ ಅಲ್ಲ, ಸಾಮಾನ್ಯ ಪಿಸ್ತೂಲು. ಚರ್ಚೆಯೆಲ್ಲ ಸಾಮೂಹಿಕ ಹತ್ಯೆಯ ಸುತ್ತಲೇ ಗಿರಕಿ ಹೊಡೆಯುವಾಗ, ಮಲಗುವ ಕೋಣೆಯ ಡ್ರಾಯರಿನ ಪಿಸ್ತೂಲು ಯಾರ ಗಮನಕ್ಕೂ ಬರುವುದಿಲ್ಲ. ಆತ್ಮಹತ್ಯೆಯ ಯೋಚನೆ ಹಲವರಿಗೆ ಬಂದು ಹೋಗುವಂಥದು. ಆ ಹೊತ್ತಿನಲ್ಲಿ ಕೈಗೆ ಬಂದೂಕು ಸಿಗದಿದ್ದರೆ ಜೀವ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಆದ್ದರಿಂದಲೇ ವೈದ್ಯರು ಗುಂಡು ತೆಗೆದ ಬಂದೂಕನ್ನು ಬೀಗ ಹಾಕಿಡಿ, ಗುಂಡುಗಳನ್ನು ಬೇರೆ ಪೆಟ್ಟಿಗೆಯಲ್ಲಿ ಬೀಗ ಹಾಕಿಡಿ ಎಂದು ಹೇಳುತ್ತಲೇ ಇರುತ್ತಾರೆ.

ಮೊಮ್ಮಕ್ಕಳನ್ನು ನೋಡಲು ಬಂದ ಅಜ್ಜ ಅಜ್ಜಿಯರಿಗೂ ಇದು ಗೊತ್ತಿರಲಿ. ಮಗು ಗೆಳೆಯರ ಮನೆಗೆ ಆಡಲು ಹೋಗುವ ಮುನ್ನ ‘ನಿಮ್ಮನೆಯಲ್ಲಿ ಬಂದೂಕು ಇದೆಯಾ? ಬೀಗ ಹಾಕಿದ್ದೀರಾ?’ ಎಂದು ಕೇಳಿ ಎಂದು ಮಕ್ಕಳ ವೈದ್ಯರೇ ಇಲ್ಲಿ ಸಲಹೆ ಕೊಡುತ್ತಾರೆ. ನಮಗೆ ಹಾಗೆ ಕೇಳಲು ಸಂಕೋಚ. ಕಡಲೆಕಾಯಿ ಅಲರ್ಜಿಯ ವಿಷಯ, ನಾಯಿಯ ವಿಷಯ ಹೇಳುವಾಗ ಜೊತೆಯಲ್ಲೇ ಇದನ್ನೂ ಕೇಳಿಬಿಟ್ಟರೆ ಯಾರಿಗೂ ಮುಜುಗರವಾಗುವುದಿಲ್ಲ.