ಎರಡು ನಿಮಿಷ, ಮೂರು ಭಾಷೆ

ಹೊಸದಾಗಿ ಬಂದವರನ್ನು ಒಂದು ಊರು ಎಷ್ಟರ ಮಟ್ಟಿಗೆ ತನ್ನವರೆಂದುಕೊಂಡಿದೆ ಎಂಬುದು ಸಭೆಯ ಟೈಮರ್ ನೋಡಿದರೆ ಗೊತ್ತಾಗುತ್ತದೆ. ಈ ಕೆಲಸಕ್ಕೆ ಬರುವ ಮುಂಚೆ ಯಾರಾದರೂ ಹೀಗೆ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ.

ಕ್ಯಾಲಿಫೋರ್ನಿಯಾದ ಒಂದು ನಡುಗಾತ್ರದ ನಗರದ ಸಿಟಿ ಹಾಲ್‌ನಲ್ಲಿ ನನ್ನ ಉದ್ಯೋಗ. ವಲಸೆ ಬಂದವರಿಗೆ, ಊರಿನ ಬೇರೆ ಬೇರೆ ಜನಾಂಗದವರಿಗೆ ಏನು ಬೇಕು ಎಂದು ಕೌನ್ಸಿಲ್‌ಗೆ ಸಲಹೆ ಕೊಡುವ ಕಮಿಷನ್ ಇಲ್ಲಿದೆ. ನಾನು ಅದರ ಸ್ಟಾಫ್ ಲಿಯೇಜಾನ್, ಅಂದರೆ ಕಮಿಷನ್‌ಗೂ ಸಿಟಿ ಹಾಲ್‌ಗೂ ನಡುವಿನ ಕೊಂಡಿ. ಒಂಬತ್ತು ಕಮಿಷನರ್‌ಗಳು, ಯಾರಿಗೂ ಸಂಬಳವಿಲ್ಲ, ತಿಂಗಳಿಗೊಂದು ಸಭೆ. ಅಜೆಂಡಾ 72 ಗಂಟೆ ಮೊದಲೇ ಹೊರಗೆ ಹಾಕಬೇಕು, ಕೋರಂ ನೋಡಿಕೊಳ್ಳಬೇಕು, ಯಾರೂ ರಿಪ್ಲೈ ಆಲ್ ಒತ್ತಿ ಇಮೇಲ್‌ನಲ್ಲೇ ಸಭೆ ಶುರುಮಾಡದಂತೆ ಕಾಯಬೇಕು, ಮಿನಿಟ್ಸ್ ಬರೆಯಬೇಕು. ಪಬ್ಲಿಕ್ ಕಾಮೆಂಟ್, ಅಂದರೆ ಸಾರ್ವಜನಿಕರು ಎದ್ದು ಮಾತನಾಡುವ ಸರದಿ ಬಂದಾಗ ಟೈಮರ್ ಒತ್ತುವುದೂ ನನ್ನದೇ ಕೆಲಸ.

ನಾನು ಹೇಳಬೇಕೆಂದಿರುವ ಸಭೆ ಸೆಪ್ಟೆಂಬರ್‌ಗೆ ಸ್ವಲ್ಪ ಮುಂಚಿನದು. ಆ ತಿಂಗಳು ವೆಲ್ಕಮಿಂಗ್ ವೀಕ್. 2009ರಲ್ಲಿ ಶುರುವಾದ ವೆಲ್ಕಮಿಂಗ್ ಅಮೆರಿಕ ಸಂಸ್ಥೆಯ ಜಾಲದಲ್ಲಿರುವ ಊರುಗಳೆಲ್ಲ ಏನಾದರೊಂದು ಕಾರ್ಯಕ್ರಮ ಇಟ್ಟುಕೊಳ್ಳುತ್ತವೆ. ನಮ್ಮ ಕಮಿಷನರ್ ಒಬ್ಬರು ಓಹಾಯೊದ ಡೇಟನ್ ನಗರ 2011ರಲ್ಲಿ ಒಪ್ಪಿದ 'ವೆಲ್ಕಮ್ ಡೇಟನ್' ಯೋಜನೆಯ ಪ್ರಿಂಟ್ ತಂದು ಎಲ್ಲರ ಮುಂದೆ ಇಟ್ಟಿದ್ದರು. ಕಾರ್ಖಾನೆಗಳು ಮುಚ್ಚಿ ಜನ ಊರು ಬಿಡುತ್ತಿದ್ದ ಕಾಲದಲ್ಲಿ ಆ ನಗರ ವಲಸಿಗರನ್ನು ಕರೆದು ಕೂರಿಸಿಕೊಂಡ ಕಥೆ ಅದು, ಓದಲೇಬೇಕಾದದ್ದು. ಆದರೆ ಅಂದು ಅದನ್ನು ಯಾರೂ ತೆರೆಯಲಿಲ್ಲ. ಅಂಡರ್‌ಪಾಸ್ ಗೋಡೆಯ ಮೇಲೆ ಬರೆಸಬೇಕಾದ ಚಿತ್ರದ ವಿಷಯಕ್ಕೆ ಹಾಲ್ ತುಂಬ ಜನ ಬಂದಿದ್ದರು. ಮಾತನಾಡಬೇಕೆಂದವರು ಬರೆದುಕೊಟ್ಟ ಸ್ಪೀಕರ್ ಕಾರ್ಡುಗಳ ಕಟ್ಟು ನೋಡಿ ಅಧ್ಯಕ್ಷರು ಮಾತಿನ ಅವಧಿಯನ್ನು ಮೂರು ನಿಮಿಷದಿಂದ ಎರಡಕ್ಕೆ ಇಳಿಸಿದರು. ಅದು ಅವರ ಅಧಿಕಾರ, ನಾನೂ ತಕರಾರು ಮಾಡಲಿಲ್ಲ.

ಚಿತ್ರದ ಚರ್ಚೆ ಮುಗಿಯುವ ಹೊತ್ತಿಗೆ ಎಂಟೂವರೆ ದಾಟಿತ್ತು. ಒಂಬತ್ತಕ್ಕೆ ಹಾಲ್ ಬಿಡಬೇಕು, ಇಲ್ಲದಿದ್ದರೆ ಕಸ್ಟೋಡಿಯನ್‌ಗೆ ಓವರ್‌ಟೈಮ್. ಅಜೆಂಡಾದಲ್ಲಿ ಇಲ್ಲದ ವಿಷಯಗಳ ಪಬ್ಲಿಕ್ ಕಾಮೆಂಟ್ ಕೊನೆಗೆ ಉಳಿದಿತ್ತು, ಕಾರ್ಡು ಒಂದೇ. ಹಿಂದಿನ ಸಾಲಿನಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಶುರುವಿನಿಂದ ಕೂತಿದ್ದ ಹೆಂಗಸಿನದು. ಮಗುವನ್ನು ಪಕ್ಕದವರ ಕೈಗೆ ಕೊಟ್ಟು ಎದ್ದು ಬಂದರು. ಜೊತೆಗೆ ಒಬ್ಬ ಸಮುದಾಯ ಕಾರ್ಯಕರ್ತೆ. ನಾನು ಬುಕ್ ಮಾಡಿದ್ದ ಸ್ಪ್ಯಾನಿಷ್ ದುಭಾಷಿ ಪೋಡಿಯಂ ಪಕ್ಕಕ್ಕೆ ಬಂದು ನಿಂತರು. ಎಲ್ಲ ಸರಿಯಾಗಿದೆ ಅಂದುಕೊಂಡು ಟೈಮರ್ ಒತ್ತಿದೆ.

ಆಕೆ ಮಾತನಾಡಿದ್ದು ಮಿಕ್ಸ್ಟೆಕೊ, ಮೆಕ್ಸಿಕೊದ ಮೂಲನಿವಾಸಿಗಳ ಭಾಷೆ. ಕಾರ್ಯಕರ್ತೆ ಅದನ್ನು ಸ್ಪ್ಯಾನಿಷ್‌ಗೆ ತಂದರು, ನಮ್ಮ ದುಭಾಷಿ ಸ್ಪ್ಯಾನಿಷ್‌ನಿಂದ ಇಂಗ್ಲಿಷ್‌ಗೆ ತಂದರು. ಈ ಕಸುಬಿನಲ್ಲಿ ಇದಕ್ಕೆ ರಿಲೇ ಅನ್ನುತ್ತಾರೆ. ಒಂದು ವಾಕ್ಯ ನಮ್ಮ ಕಿವಿಗೆ ಬೀಳುವ ಮುಂಚೆ ಮೂರು ಸಲ ಹೇಳಬೇಕು. ಹೆಸರು ಬಂತು, ಬೀದಿಯ ಹೆಸರು ಬಂತು, ಸ್ಟ್ರಾಬೆರಿ ಹೊಲದಲ್ಲಿ ಕೆಲಸ ಎಂಬುದು ಬಂತು. 'ನೀರು' ಅನ್ನುವಷ್ಟರಲ್ಲಿ ಹಳದಿ ದೀಪ ಹೋಗಿ ಕೆಂಪು ಬಂತು.

"ಧನ್ಯವಾದ, ನಿಮ್ಮ ಸಮಯ ಮುಗಿಯಿತು" ಎಂದರು ಅಧ್ಯಕ್ಷರು.

ಆಕೆಗೆ ಅದು ಅರ್ಥವಾಗುವುದಕ್ಕೂ ಎರಡು ಭಾಷೆ ದಾಟಿ ಬರಬೇಕಿತ್ತು. ಅಷ್ಟರವರೆಗೆ ಅವರು ಮಾತನಾಡುತ್ತಲೇ ಇದ್ದರು, ಕಾರ್ಯಕರ್ತೆ ಅವರ ತೋಳು ಮುಟ್ಟಿದರು, ಅವರು ಸುಮ್ಮನಾದರು. ಸಲಹಾ ಸಮಿತಿಗಳ ಸಭೆಗೆ ಸಿಟಿ ಅಟಾರ್ನಿ ಕಚೇರಿಯವರು ಬರುವುದಿಲ್ಲ, ಕಾನೂನು ಗೊತ್ತಿರಬೇಕಾದವರು ಅಂದರೆ ಆ ಕೋಣೆಯಲ್ಲಿ ನಾನೊಬ್ಬಳೇ. ಮೈಕ್ ಆನ್ ಮಾಡಿದೆ. "ಅಧ್ಯಕ್ಷರೇ, ಬ್ರೌನ್ ಆಕ್ಟ್ ಪ್ರಕಾರ ದುಭಾಷಿಯ ಮೂಲಕ ಮಾತನಾಡುವವರಿಗೆ ಕನಿಷ್ಠ ದುಪ್ಪಟ್ಟು ಸಮಯ ಕೊಡಬೇಕು" ಎಂದೆ. ಅವರು ನನ್ನನ್ನೇ ನೋಡಿದರು. "ಅದು ಕೌನ್ಸಿಲ್‌ಗೆ ತಾನೆ? ನಾವು ಬರೀ ಸಲಹಾ ಸಮಿತಿ." ಕೌನ್ಸಿಲ್ ಠರಾವಿನಿಂದ ಹುಟ್ಟಿದ ಸಮಿತಿಗಳಿಗೂ ಅದೇ ಕಾನೂನು ಎಂದು ಹೇಳಿದೆ. ಬಾಯಿ ಒಣಗಿತ್ತು. ಸ್ಥಳೀಯ ಸಂಸ್ಥೆಗಳ ಸಭೆ ಜನರ ಮುಂದೆಯೇ ನಡೆಯಬೇಕು ಎನ್ನುವ ರಾಜ್ಯದ ಕಾನೂನು ಈ ಬ್ರೌನ್ ಆಕ್ಟ್. ಅದು 1953ರದು, ದುಪ್ಪಟ್ಟು ಸಮಯದ ಸಾಲು ಅದಕ್ಕೆ ಸೇರಿದ್ದು 2016ರ ಎಬಿ 1787 ಮಸೂದೆಯಿಂದ. ಹೆಡ್‌ಸೆಟ್‌ನಲ್ಲಿ ಕೂಡಲೇ ಅನುವಾದ ಕೇಳುವ ವ್ಯವಸ್ಥೆ ಇದ್ದರೆ ಮಾತ್ರ ವಿನಾಯಿತಿ. ನಮ್ಮಲ್ಲಿ ಹೆಡ್‌ಸೆಟ್ ಇರಲಿಲ್ಲ.

ಅಧ್ಯಕ್ಷರು ಕೈಯಲ್ಲಿದ್ದ ಕಾಗದ ಕೆಳಗಿಟ್ಟು "ಇನ್ನೆರಡು ನಿಮಿಷ" ಎಂದರು. ಕಾನೂನು ಹೇಳಿಬಿಟ್ಟೆ, ಇನ್ನು ದಾರಿ ಸಲೀಸು ಎಂಬ ಧೈರ್ಯ ನನಗೆ. ಆದರೆ ಕಾನೂನು ಬರೆದವರ ಲೆಕ್ಕದಲ್ಲಿ ಇದ್ದದ್ದು ಎರಡು ಭಾಷೆ, ನಮ್ಮ ಮುಂದೆ ಇದ್ದದ್ದು ಮೂರು. ನೀರಿನ ಸಂಪರ್ಕ ಕಡಿದಿದ್ದಾರೆ, ಮನೆಯಲ್ಲಿ ಮೂರು ಕುಟುಂಬ ಇದ್ದೇವೆ ಎನ್ನುವಷ್ಟರಲ್ಲಿ ಮತ್ತೆ ಕೆಂಪು.

ಆಗ ಬಲಗಡೆಯ ಕೊನೆಯ ಕುರ್ಚಿಯ ಮೈಕಿನ ದೀಪ ಹತ್ತಿತು. ನಿವೃತ್ತ ಶಾಲಾ ಶಿಕ್ಷಕಿ, ಸಭೆಗಳಲ್ಲಿ ಹೆಚ್ಚು ಮಾತನಾಡದ ಕಮಿಷನರ್. "ಸ್ಪಷ್ಟನೆಗಾಗಿ ಒಂದು ಪ್ರಶ್ನೆ" ಎಂದರು. ಅಜೆಂಡಾದಲ್ಲಿ ಇಲ್ಲದ ವಿಷಯದ ಮೇಲೆ ಚರ್ಚಿಸುವಂತಿಲ್ಲ, ನಿರ್ಧರಿಸುವಂತಿಲ್ಲ, ಆದರೆ ಸ್ಪಷ್ಟನೆ ಕೇಳಬಹುದು. ಸಾರ್ವಜನಿಕರ ಟೈಮರ್ ಸದಸ್ಯರ ಪ್ರಶ್ನೆಗೆ ಓಡುವುದಿಲ್ಲ. "ನೀರು ನಿಲ್ಲಿಸುವ ಮುಂಚೆ ನಿಮಗೆ ಹೇಗೆ ತಿಳಿಸಿದರು?" ಎಂದಷ್ಟೇ ಕೇಳಿದರು.

ಆ ಒಂದು ಪ್ರಶ್ನೆಗೆ ಸಿಕ್ಕ ಉತ್ತರ ಎಷ್ಟು ಹೊತ್ತು ನಡೆಯಿತೋ ನಾನು ನೋಡಲಿಲ್ಲ, ನೋಡಬೇಕೆಂದೂ ಅನಿಸಲಿಲ್ಲ. ಕಾಗದಗಳು ಬಂದಿದ್ದವು. ಮನೆಯಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ಫೋನ್ ಬಂದಿತ್ತು, ಇಂಗ್ಲಿಷ್‌ಗೆ ಒಂದು ಒತ್ತಿ ಸ್ಪ್ಯಾನಿಷ್‌ಗೆ ಎರಡು ಒತ್ತಿ ಎಂದಿತ್ತು, ಇಟ್ಟುಬಿಟ್ಟಿದ್ದರು. ಬಾಕಿ ಕಟ್ಟಲು ದುಡ್ಡೂ ಇತ್ತು. ಎಲ್ಲಿ, ಯಾರಿಗೆ, ಯಾವಾಗ ಕಟ್ಟಬೇಕು ಎಂದು ಹೇಳುವವರು ಇರಲಿಲ್ಲ. ಸಂಪರ್ಕ ಹೋದ ಮೇಲೆ ಪಕ್ಕದ ಮನೆಯ ಪೈಪಿನಿಂದ ಬಕೆಟ್ ಹೊತ್ತಿದ್ದರು. ಕೇಳಿದ್ದು ದೂರಿನ ದನಿಯಲ್ಲಲ್ಲ. ಬೇರೆ ಮನೆಗಳಿಗೂ ಹೀಗಾಗಬಾರದು, ಯಾರಿಗೆ ಹೇಳಬೇಕು ಎಂದು ತಿಳಿಯದೆ ಇಲ್ಲಿಗೆ ಬಂದೆ ಎಂದರು. ಅಧ್ಯಕ್ಷರು ವಿಷಯವನ್ನು ಸ್ಟಾಫ್‌ಗೆ ಒಪ್ಪಿಸಿ ಮುಂದಿನ ತಿಂಗಳ ಅಜೆಂಡಾಕ್ಕೆ ಹಾಕಿದರು. ಹಾಲ್ ಬಿಟ್ಟಾಗ ಒಂಬತ್ತು ಕಳೆದಿತ್ತು.

ಪಾರ್ಕಿಂಗ್‌ನಲ್ಲಿ ಆ ಶಿಕ್ಷಕಿ ಸಿಕ್ಕರು. ಪಂಜಾಬಿನಿಂದ ಬಂದು ಇಲ್ಲಿ ಹೊಲದ ಕೆಲಸ ಮಾಡಿದ ಅಜ್ಜನ ಮೊಮ್ಮಗಳು. ಭಗತ್ ಸಿಂಗ್ ಥಿಂದ್ ಮೊಕದ್ದಮೆಯಲ್ಲಿ 1923ರಲ್ಲಿ ಸುಪ್ರೀಂ ಕೋರ್ಟ್ ಭಾರತೀಯರಿಗೆ ಪೌರತ್ವ ಇಲ್ಲ ಎಂದಿತು, 1946ರ ಲೂಸ್-ಸೆಲ್ಲರ್ ಕಾಯ್ದೆ ಬರುವವರೆಗೂ ಆ ಬಾಗಿಲು ಮುಚ್ಚಿತ್ತು. ಪೌರತ್ವಕ್ಕೆ ಅರ್ಹರಲ್ಲದವರು ಕ್ಯಾಲಿಫೋರ್ನಿಯಾದಲ್ಲಿ ಹೊಲ ಕೊಳ್ಳುವಂತಿರಲಿಲ್ಲ, ಹಾಗಾಗಿ ಅಷ್ಟೂ ವರ್ಷ ಅಜ್ಜನಿಗೆ ತನ್ನ ಹೆಸರಿಗೆ ಹೊಲ ಮಾಡಿಕೊಳ್ಳಲು ಆಗಲಿಲ್ಲ. "ಯಾವ ಕಚೇರಿಗೆ ಹೋಗಬೇಕು ಎಂದು ಹೇಳುವವರಿಲ್ಲದೆ ಅಜ್ಜ ಎಷ್ಟು ಅಲೆದಿದ್ದರೆಂದು ಮನೆಯಲ್ಲಿ ಹೇಳುತ್ತಿದ್ದರು, ಅದಕ್ಕೇ ಕೇಳಿದೆ" ಎಂದು ಕಾರು ಹತ್ತಿದರು.

ಮಾರನೆಯ ದಿನ ಮ್ಯಾನೇಜರ್ ಕರೆದರು. ಮೈಕ್‌ನಲ್ಲಿ ಅಧ್ಯಕ್ಷರನ್ನು ತಿದ್ದಬಾರದಿತ್ತು, ಚೀಟಿ ಕಳಿಸಬಹುದಿತ್ತು ಎಂದರು. ನಾನು ಇವತ್ತಿಗೂ ಒಪ್ಪುವುದಿಲ್ಲ. ಪೋಡಿಯಂನಲ್ಲಿ ಒಬ್ಬರು ನಿಂತಿದ್ದಾರೆ, ಅವರ ಹಕ್ಕಿನ ಸಮಯ ಹೋಗುತ್ತಿದೆ, ಚೀಟಿ ಬರೆಯುತ್ತಾ ಕೂರುವ ಕೆಲಸವಲ್ಲ ನನ್ನದು. ಸಭೆಯ ಗೌರವ ಉಳಿಯುವುದು ಸಭೆಗೆ ಬಂದವರ ಮಾತು ಕೇಳಿಸಿಕೊಂಡಾಗ.

ಜಲ ವಿಭಾಗದವರ ಉತ್ತರ ಬಂತು, ಅದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ಎಸ್‌ಬಿ 998 ಎಂಬ 2018ರ ರಾಜ್ಯ ಕಾನೂನಿನ ಪ್ರಕಾರ ಬಾಕಿ 60 ದಿನ ದಾಟದೆ ಮನೆಯ ನೀರು ಕಡಿಯುವಂತಿಲ್ಲ, ಅದಕ್ಕೆ ಮುಂಚೆ ಅವರು ಕಡಿದಿರಲಿಲ್ಲ. ನೋಟಿಸ್ ಇಂಗ್ಲಿಷ್, ಸ್ಪ್ಯಾನಿಷ್, ಚೀನೀ, ಟಗಾಲಾಗ್, ವಿಯೆಟ್ನಾಮೀಸ್, ಕೊರಿಯನ್ ಭಾಷೆಗಳಲ್ಲಿ ಇರಬೇಕು, ಜೊತೆಗೆ ಆ ಪ್ರದೇಶದ ಶೇ. 10 ಜನರಾದರೂ ಆಡುವ ಬೇರೆ ಭಾಷೆ ಇದ್ದರೆ ಅದರಲ್ಲೂ. ಎಲ್ಲ ಇತ್ತು. ಮಿಕ್ಸ್ಟೆಕೊ ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ. ಅದನ್ನಾಡುವವರು ಮೆಕ್ಸಿಕೊದ ಒಹಾಕಾ, ಗೆರೆರೊ, ಪುಯೆಬ್ಲಾ ಕಡೆಯ ಮೂಲನಿವಾಸಿಗಳು, ಸ್ಪೇನಿನವರು ಬರುವುದಕ್ಕಿಂತ ಬಹಳ ಮೊದಲಿನ ಜನ. ಆದರೆ ಇಲ್ಲಿನ ಅರ್ಜಿಗಳಲ್ಲಿ 'ಹಿಸ್ಪ್ಯಾನಿಕ್' ಪೆಟ್ಟಿಗೆಗೆ ಗುರುತು ಬೀಳುತ್ತದೆ, ಅಲ್ಲಿಂದ ಮುಂದೆ ನಮ್ಮ ವರದಿಗಳಲ್ಲಿ ಅವರೆಲ್ಲ ಸ್ಪ್ಯಾನಿಷ್ ಭಾಷಿಕರು. ಶೇ. 10ರ ಲೆಕ್ಕ ಹಾಕುವುದೂ ಅದೇ ವರದಿ ಇಟ್ಟುಕೊಂಡು. ಜನಾಂಗ ವೈವಿಧ್ಯದ ಹೆಸರಿನಲ್ಲೇ ಇರುವ ಕಮಿಷನ್‌ನ ಕೈಯಲ್ಲಿದ್ದ ಅಂಕಿಅಂಶದಲ್ಲಿ ಒಂದು ಇಡೀ ಜನಾಂಗ ಕಾಣುತ್ತಿರಲಿಲ್ಲ. ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು.

ಹಾಗಾದರೆ ನೋಟಿಸನ್ನು ಮಿಕ್ಸ್ಟೆಕೊಗೆ ಅನುವಾದ ಮಾಡಿಸೋಣ ಎಂದು ಒಬ್ಬ ಕಮಿಷನರ್ ಹೇಳಿದರು. ಕಾರ್ಯಕರ್ತೆ ಬೇಡವೆಂದರು. ಈ ಜನರಲ್ಲಿ ಶಾಲೆಗೆ ಹೋದವರು ಕಲಿತದ್ದೂ ಸ್ಪ್ಯಾನಿಷ್‌ನಲ್ಲಿ, ಮನೆಮಾತನ್ನು ಓದಲು ಕಲಿತವರು ತೀರಾ ಕಡಿಮೆ, ಮೇಲಾಗಿ ಊರಿಂದ ಊರಿಗೆ ಮಾತು ಎಷ್ಟು ಬದಲಾಗುತ್ತದೆಂದರೆ ಒಬ್ಬರದು ಇನ್ನೊಬ್ಬರಿಗೆ ತಿಳಿಯದಿರಬಹುದು. ಕಾಗದ ಬೇಡ, ದನಿ ಬೇಕು. ಆಕ್ಸ್‌ನಾರ್ಡ್‌ನಲ್ಲಿ ಮಿಕ್ಸ್ಟೆಕೊ ಸಮುದಾಯದ ಸಂಘಟನೆ ನಡೆಸುವ ರೇಡಿಯೊ ಇಂಡಿಹೆನಾ ಇರುವುದೂ ಇದಕ್ಕಾಗಿಯೇ, ಕೇಳಿ ತಿಳಿಯುವ ಜನಕ್ಕೆ ಸುದ್ದಿ ಮುಟ್ಟಿಸಲು.

ಕಮಿಷನ್ ಕೌನ್ಸಿಲ್‌ಗೆ ಶಿಫಾರಸು ಕಳಿಸಿತು: ದುಭಾಷಿಯ ಮೂಲಕ ಮಾತನಾಡುವಾಗ ಮೂಲ ಮಾತಿಗೆ ಮಾತ್ರ ಟೈಮರ್ ಓಡಬೇಕು, ಅನುವಾದದ ಹೊತ್ತಿಗೆ ನಿಲ್ಲಬೇಕು. ನೀರು ಕಡಿಯುವ ಮುನ್ನ ಮಿಕ್ಸ್ಟೆಕೊದಲ್ಲಿ ರೆಕಾರ್ಡ್ ಮಾಡಿದ ಕರೆ ಹೋಗಬೇಕು. ತಕರಾರಿಲ್ಲದ ವಿಷಯಗಳನ್ನು ಒಟ್ಟಿಗೆ ಒಪ್ಪುವ ಕನ್ಸೆಂಟ್ ಕ್ಯಾಲೆಂಡರ್‌ನಲ್ಲಿ ಮಾತಿಲ್ಲದೆ ಪಾಸಾಯಿತು. ಟೈಮರ್ ಮುಂದಿನ ಸಭೆಯಿಂದಲೇ ಬದಲಾಯಿತು, ಅದಕ್ಕೆ ದುಡ್ಡು ಬೇಕಿರಲಿಲ್ಲ. ಅಧ್ಯಕ್ಷರೇ ಮುಂದೆ ನಿಂತು ಅದನ್ನು ನಡೆಸಿದರು, ಇತರ ಸಮಿತಿಗಳ ಅಧ್ಯಕ್ಷರಿಗೂ ಹೇಳಿದರು.

ರೆಕಾರ್ಡಿಂಗ್‌ಗೆ ತಿಂಗಳುಗಳು ಹಿಡಿದವು. ಆ ಕಾರ್ಯಕರ್ತೆಯೇ ದನಿ ಕೊಡಲು ಒಪ್ಪಿದ್ದರು. ಸಮುದಾಯ ಸೇವೆ ತಾನೆ, ಪುಕ್ಕಟೆ ಮಾಡುತ್ತಾರೆ ಎಂಬ ಮಾತು ಮೇಲಿನವರಿಂದ ಬಂತು. ಸ್ಪ್ಯಾನಿಷ್ ದುಭಾಷಿಗೆ ಗಂಟೆಯ ಲೆಕ್ಕದಲ್ಲಿ ಕೊಡುವಾಗ ಇವರಿಗೆ ಯಾಕಿಲ್ಲ ಎಂದು ಹಟ ಹಿಡಿದೆ. ಒಪ್ಪಿದರು. ಆಮೇಲೆ ಫೈನಾನ್ಸ್‌ನವರ ವೆಂಡರ್ ಪ್ಯಾಕೆಟ್ ಬಂತು: ಡಬ್ಲ್ಯೂ-9 ತೆರಿಗೆ ಫಾರ್ಮ್, ಪಿಒ ಅಂದರೆ ಖರೀದಿ ಆದೇಶ, ಹತ್ತು ಲಕ್ಷ ಡಾಲರಿನ ಲಯಬಿಲಿಟಿ ಇನ್ಶೂರೆನ್ಸ್ ಸರ್ಟಿಫಿಕೇಟ್. ಚರಂಡಿ ಅಗೆಯುವ ಕಂಪನಿಗೂ ಎರಡು ನಿಮಿಷ ದನಿ ಕೊಡುವ ಹೆಂಗಸಿಗೂ ಒಂದೇ ಪ್ಯಾಕೆಟ್. ವಿನಾಯಿತಿಗೆ ರಿಸ್ಕ್ ಮ್ಯಾನೇಜರ್ ಸಹಿ ಬೇಕಾಯಿತು, ಅವರು ರಜೆಯಲ್ಲಿದ್ದರು. ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ನನ್ನ ಮಾತು ಒಂದೇ: ಖರೀದಿ ವಿಭಾಗದವರನ್ನು ಮೊದಲ ವಾರವೇ ಕರೆದು ಕೂರಿಸಿಕೊಳ್ಳಿ, ಯೋಜನೆಗಳು ನಿಲ್ಲುವುದು ಅಲ್ಲಿಯೇ.

ಸ್ಪೀಕರ್ ಕಾರ್ಡಿನ ಆನ್‌ಲೈನ್ ಫಾರ್ಮ್ ಇನ್ನೂ ಸರಿಯಾಗಿಲ್ಲ. ಭಾಷೆಯ ಪಟ್ಟಿಯಲ್ಲಿ 'ಇತರೆ' ಇದೆ, ಯಾವುದೆಂದು ಬರೆಯಲು ಜಾಗವಿಲ್ಲ. ಸರಿಪಡಿಸಿ ಎಂಬ ಕೋರಿಕೆ ಸಾಫ್ಟ್‌ವೇರ್ ಕಂಪನಿಯವರ ಬಳಿ ಇದೆ. ಅಲ್ಲಿಯವರೆಗೆ 'ಇತರೆ' ಗುರುತು ಕಂಡರೆ ನಾನೇ ಫೋನ್ ಮಾಡಿ ಕೇಳುತ್ತೇನೆ. ಮಿಕ್ಸ್ಟೆಕೊ ಎಂದರೆ ಯಾವ ಊರಿನದು ಎಂದೂ ಕೇಳುತ್ತೇನೆ, ಆ ಊರಿನ ಮಾತು ಬರುವ ದುಭಾಷಿಯನ್ನೇ ಹುಡುಕುತ್ತೇನೆ. ರಿಲೇ ಬೇಕಾದರೆ ಇಬ್ಬರೂ ದುಭಾಷಿಗಳು ಸಭೆಗೆ ಮುಂಚೆ ಭೇಟಿಯಾಗುವಂತೆ ನೋಡಿಕೊಳ್ಳುತ್ತೇನೆ. ಅಂಥವರ ಸರದಿಯನ್ನು ಮೊದಲಿಗೇ ಇಡುವಂತೆ ಅಧ್ಯಕ್ಷರನ್ನು ಕೇಳುತ್ತೇನೆ, ಬೆಳಗಿನ ಜಾವ ಹೊಲಕ್ಕೆ ಹೋಗಬೇಕಾದವರನ್ನು ರಾತ್ರಿ ಒಂಬತ್ತರವರೆಗೆ ಕೂರಿಸಬಾರದು.

ಪ್ರಶ್ನೆ ಕೇಳಿದ ಆ ಶಿಕ್ಷಕಿಯ ಅವಧಿ ಈ ವರ್ಷಕ್ಕೆ ಮುಗಿಯುತ್ತದೆ. ಅವರು ಮುಂದುವರಿಯುವುದಿಲ್ಲವಂತೆ. ಹೀಗೆ ತೆರವಾಗುವ ಸ್ಥಾನಗಳಿಗೆ ನೀವೂ ಅರ್ಜಿ ಹಾಕಬಹುದು ಎಂದು ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರಿಗೆ ಹೇಳಲೆಂದೇ ಇಷ್ಟು ಬರೆದೆ. ಮ್ಯಾಡಿ ಆಕ್ಟ್ ಎಂಬ ರಾಜ್ಯ ಕಾನೂನಿನ ಪ್ರಕಾರ ಪ್ರತಿ ನಗರವೂ ಮುಂದಿನ ವರ್ಷ ಯಾವ ಯಾವ ಸಮಿತಿಯಲ್ಲಿ ಯಾರ ಅವಧಿ ಮುಗಿಯುತ್ತದೆ ಎಂಬ ಪಟ್ಟಿಯನ್ನು ಡಿಸೆಂಬರ್ 31ರೊಳಗೆ ಸಿದ್ಧಮಾಡಬೇಕು. ನಾವಿನ್ನೂ ಸಿಟಿಜನ್ ಆಗಿಲ್ಲವಲ್ಲ ಎಂದು ಹಲವರು ನನ್ನ ಹತ್ತಿರ ಹೇಳಿದ್ದಾರೆ. ಅದು ಬೇಕಿಲ್ಲ. 2019ರಲ್ಲಿ ಬಂದ ಎಸ್‌ಬಿ 225 ಪ್ರಕಾರ 18 ತುಂಬಿದ, ರಾಜ್ಯದಲ್ಲಿ ವಾಸವಿರುವ ಯಾರನ್ನು ಬೇಕಾದರೂ ಇಂಥ ಸ್ಥಾನಕ್ಕೆ ನೇಮಿಸಬಹುದು, ಪೌರತ್ವ, ವಲಸೆ ಸ್ಥಿತಿ ಅಡ್ಡಬರುವುದಿಲ್ಲ. ಆ ನಗರದಲ್ಲೇ ವಾಸವಿರಬೇಕು ಎಂಬ ಷರತ್ತನ್ನು ಸಾಮಾನ್ಯವಾಗಿ ಇಟ್ಟಿರುತ್ತಾರೆ, ನೋಡಿಕೊಳ್ಳಿ. ಪಟ್ಟಿ ಮತ್ತು ಅರ್ಜಿ ಎರಡೂ ಸಿಟಿ ಕ್ಲರ್ಕ್ ಕಚೇರಿಯಲ್ಲಿ ಸಿಗುತ್ತವೆ.