ಕ್ರಾಸಿಂಗಿಗೆ ನಿಂತ ಗಾಡಿ

2021ರ ಮೇ ತಿಂಗಳ ಮೊದಲ ವಾರ ನಾನು ಮೈಸೂರಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಬ್ಬಳೇ ಮಲಗಿದ್ದೆ. ಕೋವಿಡ್ ಪರೀಕ್ಷೆಯಲ್ಲಿ ಪಾಸಿಟಿವ್ ಎಂದು ತಿಳಿದ ಸಂಜೆಯೇ ಅವರು ತಮ್ಮ ಹಾಸಿಗೆಯನ್ನು ಹಜಾರಕ್ಕೆ ಸಾಗಿಸಿ, ನನ್ನ ಬಾಗಿಲ ಹೊರಗೆ ಒಂದು ಸ್ಟೂಲು ಇಟ್ಟಿದ್ದರು. ಊಟದ ತಟ್ಟೆ, ಕಷಾಯದ ಲೋಟ, ಡೋಲೋ ಮಾತ್ರೆ ಎಲ್ಲವೂ ಆ ಸ್ಟೂಲಿನ ಮೇಲೆ ಬಂದು ಕೂರುತ್ತಿದ್ದವು. ಅವರು ನಾಲ್ಕು ಹೆಜ್ಜೆ ಹಿಂದೆ ಸರಿದು “ತಗೊಳ್ಳಿ” ಎಂದ ಮೇಲೆಯೇ ನಾನು ಬಾಗಿಲು ತೆರೆಯಬೇಕೆಂಬುದು ನಮ್ಮೊಳಗಿನ ಕರಾರು.

“ತಗೊಳ್ಳಿ” ಎಂಬುದು ಕಾಯಿಲೆಯಿಂದ ಬಂದ ಮರ್ಯಾದೆಯಲ್ಲ. ಮದುವೆಯಾಗಿ ಮೂರು ವರ್ಷ ಕಳೆದಿದ್ದರೂ ನಾವು ಒಬ್ಬರನ್ನೊಬ್ಬರು ‘ನೀವು’ ಎಂದೇ ಕರೆಯುವವರು. ಹೆಂಡತಿಗೂ ಬಹುವಚನವೇ ಎಂದು ನಮ್ಮ ಅತ್ತೆಯವರು ಈಗಲೂ ನಗುತ್ತಾರೆ. ಇದಕ್ಕೆ ಕಾರಣ ರೈಲು.

2011ರಿಂದ ನಾವಿಬ್ಬರೂ ಮಾಸಿಕ ಪಾಸು ಇಟ್ಟುಕೊಂಡು ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಿದ್ದೆವು. ಮೊದಲ ವರ್ಷ ನಮ್ಮ ನಡುವೆ ನಡೆದ ಮಾತು “ಇಲ್ಲಿ ಯಾರಾದರೂ ಬರ್ತಾರಾ?” ಎಂಬುದನ್ನು ದಾಟಿರಲಿಲ್ಲ. ಸೀಟಿನ ಮೇಲೆ ಕರ್ಚೀಫು ಹಾಕಿ ಜಾಗ ಹಿಡಿಯುವುದು ಪಾಸಿನವರ ಅಲಿಖಿತ ಕಾನೂನಾಗಿದ್ದು, ಮೂರನೆಯ ವರ್ಷದ ಯಾವುದೋ ಸೋಮವಾರ ಅವರ ಬಳಿ ಎರಡು ಕರ್ಚೀಫುಗಳಿರುವುದನ್ನು ನಾನು ಗಮನಿಸಿದೆ. ಎರಡನೆಯದು ನೀಲಿ ಗೆರೆಯದು. ಅದನ್ನು ಅವರು ಎಂದೂ ಮೂಗಿಗೆ ಒತ್ತಿಕೊಂಡದ್ದನ್ನು ನಾನು ಕಾಣೆ.

ಆಗ ದಾರಿಯ ಎಷ್ಟೋ ಭಾಗ ಇನ್ನೂ ಒಂದೇ ಹಳಿ. ಎದುರಿನ ಗಾಡಿಗೆ ದಾರಿ ಬಿಡಲು ನಮ್ಮದು ಯಲಿಯೂರಿನಲ್ಲೋ ಹನಕೆರೆಯಲ್ಲೋ ಇಪ್ಪತ್ತು ನಿಮಿಷ ನಿಂತುಬಿಡುತ್ತಿತ್ತು. ಉಳಿದವರು ರೈಲ್ವೆಯನ್ನು ಬೈಯುತ್ತಿದ್ದರೆ, ನಾವು ಕಬ್ಬಿನ ಗದ್ದೆಯ ಕಡೆ ಮುಖ ಮಾಡಿ, ಕಾಗದದಲ್ಲಿ ಎಣ್ಣೆ ಒಸರುವ ಮದ್ದೂರು ವಡೆಯನ್ನು ಮುರಿದು ಹಂಚಿಕೊಳ್ಳುತ್ತಾ, ಅವರ ತಂದೆಯ ಸಕ್ಕರೆ ಕಾಯಿಲೆ, ನನ್ನ ಆಫೀಸಿನ ಬಡ್ತಿಯ ಜಗಳ, ನನಗೆ ಬಂದು ತಪ್ಪಿಹೋದ ಎರಡು ಸಂಬಂಧಗಳು, ಇವನ್ನೆಲ್ಲ ಕಂತುಕಂತಾಗಿ ಹೇಳಿಕೊಂಡೆವು. ಪ್ರೀತಿ ಯಾವಾಗ ಹುಟ್ಟಿತೆಂದು ಯಾರಾದರೂ ಕೇಳಿದರೆ ನನ್ನಲ್ಲಿ ತಾರೀಖಿಲ್ಲ. ನಿಲ್ದಾಣಗಳ ಹೆಸರಿವೆ, ಅಷ್ಟೇ.

ಜೋಡಿ ಹಳಿಯ ಕೆಲಸ ಕೊನೆಗೆ ಸಿಕ್ಕಿಹಾಕಿಕೊಂಡದ್ದು ಶ್ರೀರಂಗಪಟ್ಟಣದಲ್ಲಿ. ಅಲ್ಲಿ ಅಡ್ಡವಾಗಿದ್ದ ಟಿಪ್ಪು ಕಾಲದ ಶಸ್ತ್ರಾಗಾರವನ್ನು 2017ರಲ್ಲಿ ಒಡೆಯದೆ, ಬುಡಸಮೇತ ಎತ್ತಿ, ನೂರು ಮೀಟರಿನಷ್ಟು ದೂರ ಸರಿಸಿದರು. ಅದನ್ನು ಕಿಟಕಿಯಿಂದ ನೋಡಿದ ಸಂಜೆ ಅವರು ಬಹಳ ಹೊತ್ತು ಸುಮ್ಮನಿದ್ದು, “ಇನ್ನು ಗಾಡಿ ಎಲ್ಲೂ ನಿಲ್ಲೋದಿಲ್ಲ. ಮಾತಾಡೋಕೆ ಬೇರೆ ಏನಾದ್ರೂ ವ್ಯವಸ್ಥೆ ಮಾಡ್ಕೋಬೇಕು ನಾವು” ಎಂದರು. ಮುಂದಿನ ವರ್ಷ ಮದುವೆಯಾದೆವು.

ಕೋಣೆಯಲ್ಲಿ ಮಲಗಿ ಇದೆಲ್ಲವನ್ನೂ ನೆನೆಯಲು ಬೇಕಾದಷ್ಟು ಹೊತ್ತಿತ್ತು. ಮೇ 2ರ ರಾತ್ರಿ ಚಾಮರಾಜನಗರದಲ್ಲಿ ಆಕ್ಸಿಜನ್ ಸಾಲದೆ ಆದ ಸಾವುಗಳ ಸುದ್ದಿ ಬಂದಾಗಿನಿಂದ ಅವರು ಟಿವಿಯ ಸದ್ದನ್ನು ಪೂರ್ತಿ ಇಳಿಸಿಬಿಟ್ಟಿದ್ದರು. ಗಂಟೆಗೊಮ್ಮೆ ಬಾಗಿಲ ಆಚೆಯಿಂದ “ಎಷ್ಟು?” ಎಂದು ಕೇಳುವುದು, ನಾನು ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ ನೋಡಿ 96 ಅಥವಾ 95 ಎನ್ನುವುದು, ಅವರು ಅದನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡುವುದು.

ಎಂಟನೆಯ ದಿನ ರಾತ್ರಿ ಎರಡು ಗಂಟೆಗೆ ಅದು 92 ತೋರಿಸಿತು. ಬೆರಳು ತಣ್ಣಗಿರಬಹುದೆಂದು ಉಜ್ಜಿ ಮತ್ತೆ ಹಾಕಿದೆ, ಮತ್ತೆ 92. ಸುಳ್ಳು ಹೇಳಬೇಕೆಂದಿದ್ದವಳಿಗೆ ಉಸಿರು ಸಾಲದೆ ನಿಜವೇ ಬಾಯಿಗೆ ಬಂತು.

“ಬೋರಲು ಮಲಗು” ಎಂದರು ಅವರು. “ಏಳು, ದಿಂಬು ತಗೋ. ಕತ್ತಿನ ಕೆಳಗೆ ಒಂದು, ಎದೆ ಕೆಳಗೆ ಒಂದು, ಕಾಲಿನ ಕೆಳಗೆ ಎರಡು. ಮಲಗಿದೆಯಾ? ಮಾತಾಡು.”

ಮನೆಯಲ್ಲಿದ್ದದ್ದು ಮೂರೇ ದಿಂಬು. ನಾಲ್ಕನೆಯದಕ್ಕೆ ನನ್ನ ರೇಷ್ಮೆ ಸೀರೆಯ ಗಂಟನ್ನು ಒತ್ತಿಟ್ಟೆ. ಅವರು ಬಾಗಿಲಿಗೆ ಬೆನ್ನು ಕೊಟ್ಟು ನೆಲಕ್ಕೆ ಕುಳಿತ ಸದ್ದು ಕೇಳಿಸಿತು. ಒಂದು ಕಡೆ ಫೋನಿನಲ್ಲಿ ವೈದ್ಯರ ಮಾತು ಕೇಳುತ್ತಾ, ನಡುನಡುವೆ ನನ್ನನ್ನು ‘ನೀನು’ ಎಂದೇ ಗದರಿಸುತ್ತಾ, ಅವರು ಬೆಳಕು ಹರಿಯುವವರೆಗೂ ಅಲ್ಲಿಯೇ ಇದ್ದರು. ಹತ್ತು ವರ್ಷದಲ್ಲಿ ಕೇಳದಿದ್ದ ಆ ಏಕವಚನ ನನಗೆ ಜ್ವರಕ್ಕಿಂತ ಹೆಚ್ಚಿನ ಭಯ ಹುಟ್ಟಿಸಿತು.

ಬೆಳಿಗ್ಗೆ 95ಕ್ಕೆ ಬಂತು. ಹೊರಗೆ ಸ್ಟೂಲಿನ ಮೇಲೆ ಲೋಟ ಕೂತ ಸದ್ದಾಯಿತು. ವಾಸನೆ ಹೋಗಿದ್ದರಿಂದ ಅದು ಕಾಫಿಯೋ ಕಷಾಯವೋ ನನಗೆ ತಿಳಿಯುವಂತಿರಲಿಲ್ಲ.

“ಕಾಫಿ. ತಗೊಳ್ಳಿ” ಎಂದರು.

ನಾಲ್ಕು ಹೆಜ್ಜೆ ಹಿಂದೆ ಸರಿದ ಸದ್ದು ಮಾತ್ರ ಕೇಳಲಿಲ್ಲ. ಕರಾರಿನ ಪ್ರಕಾರ ನಾನೂ ಬಾಗಿಲು ತೆರೆಯಲಿಲ್ಲ. ಕಾಫಿ ಆರುತ್ತಾ ಇತ್ತು.