ಎಂಟು ಗ್ರಾಮಿನ ಕವರು

ಬೀಡಿ ಕಟ್ಟುವ ಅಕ್ಕ ಒಬ್ಬರು ವಾರಕ್ಕೆ ಎರಡು ಸಲ ನಮ್ಮ ಅಂಗಡಿಗೆ ಬರುತ್ತಾರೆ. 100 ಗ್ರಾಂ ಒಣಮೆಣಸು, 100 ಗ್ರಾಂ ಕೊತ್ತಂಬರಿ, 50 ಗ್ರಾಂ ಜೀರಿಗೆ. ಕೆಲವೊಮ್ಮೆ ಜೀರಿಗೆಯ ಬದಲು ಹುಣಸೆಹುಳಿ. ಬೀಡಿ ಕಂಪೆನಿಯ ಬ್ರಾಂಚಿಗೆ ಕಟ್ಟಿದ ಬೀಡಿ ಕೊಟ್ಟು, ಹೊಸ ಎಲೆ ತೆಗೆದುಕೊಂಡು ವಾಪಸ್ ಹೋಗುವ ದಾರಿಯಲ್ಲಿ ಬರುವುದರಿಂದ ಕೈಯಲ್ಲಿ ಎಲೆಯ ಕಟ್ಟು ಇರುತ್ತದೆ. ಅದನ್ನು ಅಕ್ಕಿ ಗೋಣಿಯ ಮೇಲೆ ಇಟ್ಟು, ಬಾಕಿ ಪುಸ್ತಕದಲ್ಲಿ ಬರೆಸಿ, ಮಾತಿಲ್ಲದೆ ಹೋಗುತ್ತಾರೆ.

ಫೆಬ್ರವರಿಯ ಒಂದು ಶನಿವಾರ, ಸಾಮಾನು ಒಯ್ದ ಅರ್ಧ ಗಂಟೆಯಲ್ಲೇ ಅವರು ತಿರುಗಿ ಬಂದರು. ಮೆಣಸಿನ ಕವರನ್ನು ಕೌಂಟರಿನ ಮೇಲೆ ಇಟ್ಟರು.

‘ಇದನ್ನು ತೂಗಿ.’

ತೂಗಿದೆ. 100 ಗ್ರಾಂ ತೋರಿಸಿತು.

‘ಈಗ ಕವರು ಬಿಟ್ಟು ಮೆಣಸು ಮಾತ್ರ ತೂಗಿ.’

ಮೆಣಸನ್ನು ತಟ್ಟೆಗೆ ಸುರಿದೆ. 92.

ಅವರ ಮಗಳು ಮನೆಯಲ್ಲಿ ಕೇಕ್ ಮಾಡಿ ಮಾರುತ್ತಾಳಂತೆ. ಅದಕ್ಕೆಂದು ಅಂಗೈಯಗಲದ ತಕ್ಕಡಿ ತಂದಿದ್ದಾಳೆ. ಅಕ್ಕ ಅದರ ಮೇಲೆ ಸುಮ್ನೆ ಮೆಣಸು ಇಟ್ಟು ನೋಡಿದ್ದಾರೆ. ನನಗೆ ಮುಖಕ್ಕೆ ರಕ್ತ ಏರಿತು. ತಕ್ಕಡಿಯ ಬದಿಯಲ್ಲಿದ್ದ ಇಲಾಖೆಯ ಸೀಲು ತೋರಿಸಿದೆ. ಎಲೆಕ್ಟ್ರಾನಿಕ್ ತಕ್ಕಡಿಗೆ 12 ತಿಂಗಳಿಗೊಮ್ಮೆ ಮುದ್ರೆ ಹಾಕಿಸಲೇಬೇಕು, ನಾನು ಒಂದು ವರ್ಷವೂ ತಪ್ಪಿಸಿದವನಲ್ಲ. ‘ನೋಡಿ ಅಕ್ಕ, ತಕ್ಕಡಿ ಸರಿ ಉಂಟು’ ಎಂದೆ.

‘ತಕ್ಕಡಿ ಸರಿ ಇಲ್ಲ ಅಂತ ನಾನು ಹೇಳಿದೆನಾ?’ ಎಂದರು. ‘ಬ್ರಾಂಚಲ್ಲಿ ಎಲೆ ಕಮ್ಮಿ, ಇಲ್ಲಿ ಮೆಣಸು ಕಮ್ಮಿ. ನಾವು ಎಲ್ಲಿಗೆ ಹೋಗುವುದು ಮಾರಾಯ್ರೆ?’

ಮತ್ತೆ ಎಂಟು ಗ್ರಾಂ ಹಾಕಿ ಕೊಟ್ಟೆ. ಅವರು ಹೋದರು. ಅಂಗಡಿಯಲ್ಲಿ ಬೇರೆ ಇಬ್ಬರು ಗಿರಾಕಿಗಳಿದ್ದರು. ಅವರು ನನ್ನ ಮುಖ ನೋಡಲಿಲ್ಲ, ಗೋಡೆಯಲ್ಲಿದ್ದ ಬಿಸ್ಕಿಟಿನ ಕ್ಯಾಲೆಂಡರ್ ನೋಡಿದರು. ಗೋಡೆಯ ಆ ಭಾಗದಲ್ಲೇ ನಮ್ಮ ಚರ್ಚ್ ಸಭೆಯ ಕ್ಯಾಲೆಂಡರೂ ಉಂಟು, ದಿನಕ್ಕೊಂದು ಬೈಬಲ್ ವಚನದ್ದು.

ನನ್ನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಇದು ಬರೀ ಮೆಣಸಿನ ಕಥೆಯಾಗುತ್ತದೆ. ನಮ್ಮದು ಮಂಗಳೂರಿನ ಜೆಪ್ಪುವಿನ ಕಡೆ ಸಣ್ಣ ಜೀನಸು ಅಂಗಡಿ. ನಾವು ಸಿಎಸ್ಐ, ಅಂದರೆ ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಕ್ರೈಸ್ತ ಸಭೆಯವರು. ಸ್ವಿಸ್ ಮಿಶನರಿಗಳ ಕಾಲದಿಂದ ಬಂದವರೆಂದು ಹಳಬರ ಬಾಯಲ್ಲಿ ಇಂದಿಗೂ ‘ಬಾಸೆಲ್ ಮಿಶನ್‌ನವರು.’ ಮನೆಯಲ್ಲಿ ತುಳು, ಆರಾಧನೆಗೆ ಕನ್ನಡ. ಆದಿತ್ಯವಾರ ಅಂಗಡಿ ತೆರೆಯುವುದಿಲ್ಲ. ಅಪ್ಪನ ಕಾಲದಿಂದ ತೆರೆದಿಲ್ಲ. ಎದುರಿನ ಅಂಗಡಿಯವರು ಆದಿತ್ಯವಾರ ಒಳ್ಳೆಯ ವ್ಯಾಪಾರ ಮಾಡುವಾಗ ನಾನು ಇಸ್ತ್ರಿ ಹಾಕಿದ ಶರ್ಟಿನಲ್ಲಿ ಅವರ ಮುಂದೆಯೇ ದೇವಾಲಯಕ್ಕೆ ನಡೆದು ಹೋಗುತ್ತೇನೆ. ಒಳಗೊಳಗೆ ಒಂದು ಹೆಮ್ಮೆ ಇರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ರಾತ್ರಿ ಮನೆಪ್ರಾರ್ಥನೆ ತಪ್ಪುವುದಿಲ್ಲ. ಕಳೆದ ಸಲದ ಬೆಳೆಹಬ್ಬದ ಏಲಂನಲ್ಲಿ ಒಂದು ಕುಂಬಳಕಾಯಿಯನ್ನು 1,800 ರೂಪಾಯಿಗೆ ಕೂಗಿದೆ. ನನಗೂ ಇನ್ನೊಬ್ಬರಿಗೂ ಪೋಟಿ ಬಿದ್ದಿತ್ತು. ಜನ ಚಪ್ಪಾಳೆ ತಟ್ಟಿದರು. ಕುಂಬಳಕಾಯಿ ಒಳಗೆ ಕೊಳೆತಿತ್ತು, ಅದು ಬೇರೆ ವಿಷಯ.

ಇನ್ನು ಕವರಿನ ಕಥೆ. ಮೊದಲು ನಾವು ತೆಳು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿಕೊಡುತ್ತಿದ್ದೆವು. ಅದರ ತೂಕ ತಕ್ಕಡಿಗೆ ಗೊತ್ತೇ ಆಗುತ್ತಿರಲಿಲ್ಲ. ಪ್ಲಾಸ್ಟಿಕ್ ನಿಲ್ಲಿಸಿ ದಪ್ಪ ಕಂದು ಕಾಗದದ ಕವರು ತಂದು 14 ತಿಂಗಳಾಗಿತ್ತು. ಕವರನ್ನು ತಕ್ಕಡಿಯ ಮೇಲಿಟ್ಟು, ಟೇರ್ ಬಟನ್ ಒತ್ತಿ, ಸೊನ್ನೆ ಬಂದ ಮೇಲೆ ಸಾಮಾನು ಹಾಕಬೇಕು. ಒಂದು ಸೆಕೆಂಡಿನ ಕೆಲಸ. ಮೊದಲ ವಾರ ಒತ್ತಿದ್ದೆ. ಆಮೇಲೆ ಸಂಜೆಯ ಗಡಿಬಿಡಿಯಲ್ಲಿ ಬಿಟ್ಟೆ. ಆಮೇಲೆ ಗಡಿಬಿಡಿ ಇಲ್ಲದಾಗಲೂ ಬಿಟ್ಟೆ. ಗೊತ್ತಿರಲಿಲ್ಲವಾ ಎಂದರೆ, ಗೊತ್ತಿತ್ತು. ಕವರಿಗೆ ನಾನೂ ದುಡ್ಡು ಕೊಟ್ಟೇ ತಂದಿದ್ದೇನಲ್ಲ ಎಂದು ಒಂದು ಸಮಾಧಾನ ಎಲ್ಲೋ ಮೂಲೆಯಲ್ಲಿ ಕೂತಿತ್ತು. ಆದರೆ ಕವರನ್ನು ಕವರಿನ ಕ್ರಯಕ್ಕೆ ಮಾರಲಿಲ್ಲ, ಮೆಣಸಿನ ಕ್ರಯಕ್ಕೆ ಮಾರಿದೆ. ಇದೇ ನಾನು ಬೇಕರಿಯಲ್ಲಿ ಬಾಕ್ಸ್ ಸಮೇತ ಸ್ವೀಟ್ ತೂಗಿದರೆ ಜಗಳಕ್ಕೆ ನಿಲ್ಲುವವನು.

ಆ ರಾತ್ರಿ ಬಿಲ್ ಪುಸ್ತಕದ ಹಿಂದೆ ಲೆಕ್ಕ ಹಾಕಿದೆ. ದಿನಕ್ಕೆ ಸುಮಾರು 60 ಸಣ್ಣ ಕವರು ಹೋಗುತ್ತವೆ. ಎಂಟು ಗ್ರಾಮಿನಂತೆ 480 ಗ್ರಾಂ. ತಿಂಗಳಿಗೆ 26 ದಿನ ಅಂಗಡಿ, ಹನ್ನೆರಡೂವರೆ ಕಿಲೋ. 14 ತಿಂಗಳಿಗೆ ಹತ್ತಿರ ಹತ್ತಿರ 175 ಕಿಲೋ. 25 ಕಿಲೋದ ಏಳು ಅಕ್ಕಿ ಗೋಣಿಯಷ್ಟು. ಯಾರಾದರೂ ಬಂದು ‘175 ಕಿಲೋ ಸಾಮಾನು ಕದಿಯೋಣ’ ಎಂದಿದ್ದರೆ ನಾನು ಪೊಲೀಸರಿಗೆ ಹೇಳುತ್ತಿದ್ದೆ.

ಆದರೆ ನಿದ್ದೆ ಕೆಡಿಸಿದ್ದು ಆ 175 ಅಲ್ಲ. ತಿಂಗಳ ಚೀಟಿ ಕೊಟ್ಟು ಸಾಮಾನು ಒಯ್ಯುವವರಿಗೆ ನಾನು ಏನೂ ಮಾಡಿರಲಿಲ್ಲ. 25 ಕಿಲೋ ಅಕ್ಕಿ ಗೋಣಿಯಲ್ಲೇ ಹೋಗುತ್ತದೆ. ಎಣ್ಣೆ ಪ್ಯಾಕೆಟ್ಟು. ಕಿಲೋ ಬೇಳೆ ಒಯ್ಯುವವರಿಗೂ ಒಂದು ಕವರಿನ ನಷ್ಟ, ನೂರಕ್ಕೆ ಒಂದರಷ್ಟೂ ಇಲ್ಲ. ಅದೇ ಎಂಟು ಗ್ರಾಂ 100 ಗ್ರಾಮಿನಲ್ಲಿ ನೂರಕ್ಕೆ ಎಂಟು. 50 ಗ್ರಾಂ ಜೀರಿಗೆಯಲ್ಲಿ ನೂರಕ್ಕೆ 16. ಎಷ್ಟು ಕಮ್ಮಿ ದುಡ್ಡು ತರುತ್ತಾರೋ ಅಷ್ಟು ಜಾಸ್ತಿ ನಾನು ಹಿಡಿದುಕೊಂಡಿದ್ದೆ. ದಿನಗೂಲಿಯವರು, ಬೀಡಿಯವರು, ಗಂಡನ ಕೈಯಿಂದ ಐವತ್ತು ರೂಪಾಯಿ ಕೇಳಿ ತೆಗೆದುಕೊಂಡು ಬರುವವರು. ನಮ್ಮ ಸಭೆಯ ಹಿರಿಯರಿಗೆ ನನ್ನ ತಕ್ಕಡಿ ತುಂಬ ಪ್ರಾಮಾಣಿಕವಾಗಿತ್ತು.

ಸಂಡೇ ಸ್ಕೂಲಿನಲ್ಲಿ ನನಗೆ ಮೊದಲು ಬಾಯಿಪಾಠ ಮಾಡಿಸಿದ ವಚನಗಳಲ್ಲಿ ಒಂದು, ದೇವರನ್ನು ಪೂರ್ಣ ಹೃದಯದಿಂದ ಪ್ರೀತಿಸಬೇಕು ಎನ್ನುವುದು. ಬೈಬಲಿನ ಧರ್ಮೋಪದೇಶಕಾಂಡ ಆರನೆಯ ಅಧ್ಯಾಯ. ಯಾವುದು ದೊಡ್ಡ ಆಜ್ಞೆ ಎಂದು ಯೇಸುವನ್ನು ಕೇಳಿದಾಗ ಆತನೂ ಅದನ್ನೇ ಹೇಳಿದ್ದು. ಪೂರ್ಣ ಹೃದಯ ಎಂದರೆ ನನಗೆ ಯಾವಾಗಲೂ ಹಾಡಿನ ನೆನಪು. ಕಣ್ಣು ಮುಚ್ಚಿ, ಗಂಟಲು ಬಿಚ್ಚಿ ಹಾಡುವುದು. ಕ್ರಿಸ್ಮಸ್ ಮುಂಚಿನ ಕ್ಯಾರಲ್ ರಾತ್ರಿ. ಗುಡ್ ಫ್ರೈಡೆಯ ಉಪವಾಸ. ಅದು ಸುಳ್ಳೆಂದು ಈಗಲೂ ಹೇಳುವುದಿಲ್ಲ. ಹಾಡುವಾಗ ನನಗೆ ನಿಜವಾಗಿಯೂ ಕಣ್ಣೀರು ಬರುತ್ತದೆ.

ಅದೇ ಪುಸ್ತಕದ 25ನೆಯ ಅಧ್ಯಾಯವನ್ನು ಆ ರಾತ್ರಿ ತೆರೆದು ನೋಡಿದೆ. ನಿನ್ನ ಚೀಲದಲ್ಲಿ ಹೆಚ್ಚಿನದು ಒಂದು, ಕಮ್ಮಿಯದು ಒಂದು ಎಂದು ಎರಡು ತರದ ತೂಕದ ಕಲ್ಲು ಇರಬಾರದು ಎಂದು ಅಲ್ಲಿ ಇದೆ. ಚೀಲ! ಓದಿ ನಗು ಬಂತು, ಒಳ್ಳೆಯ ನಗು ಅಲ್ಲ. ಪ್ರವಾದಿ ಆಮೋಸನ ಮಾತು ಇನ್ನೂ ಖಾರ. ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ದಿನ, ಯಾವಾಗ ಮುಗಿಯುತ್ತದೆ, ಯಾವಾಗ ಧಾನ್ಯ ಮಾರೋಣ, ಅಳತೆ ಕಿರಿದು ಮಾಡೋಣ ಎಂದು ಕಾಯುವ ವರ್ತಕರನ್ನು ಅವನು ಬಯ್ಯುತ್ತಾನೆ. ಆ ವರ್ತಕರೂ ಸಬ್ಬತ್ ದಿನ ಅಂಗಡಿ ಮುಚ್ಚುತ್ತಿದ್ದವರೇ, ಅಲ್ವಾ?

ಅಜ್ಜನ ನೆನಪೂ ಬಂತು. ನೇತ್ರಾವತಿ ದಡದಲ್ಲಿ, ಜೆಪ್ಪುವಿನಲ್ಲಿ, 1865ರಲ್ಲಿ ಮಿಶನ್‌ನವರು ಶುರು ಮಾಡಿದ ಹಂಚಿನ ಕಾರ್ಖಾನೆಯಲ್ಲಿ ಅವರು ಕೆಲಸಕ್ಕಿದ್ದರು. ಅವರು ಸೇರುವಾಗ ಅದು ಮಿಶನ್‌ನದಾಗಿ ಉಳಿದಿರಲಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಸರ್ಕಾರ ವಶಪಡಿಸಿಕೊಂಡು, ಆಮೇಲೆ ಬ್ರಿಟಿಷ್ ಕಂಪೆನಿಯಾದ ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಗೆ ಹೋಗಿತ್ತು. ಊರಿನ ಬಾಯಲ್ಲಿ ಮಾತ್ರ ಅದು ಮಿಶನ್ ಕಾರ್ಖಾನೆಯೇ. ಗೂಡಿನಿಂದ ಹೊರಬಂದ ಹಂಚನ್ನು ಅಜ್ಜ ಬೆರಳ ಗೆಣ್ಣಿನಿಂದ ತಟ್ಟಿ ಕೇಳುತ್ತಿದ್ದರಂತೆ. ಸರಿಯಾಗಿ ಬೆಂದದ್ದು ‘ಟಣ್’ ಅನ್ನುತ್ತದೆ. ಒಳಗೆ ಕೂದಲಿನಷ್ಟು ಬಿರುಕಿದ್ದರೂ ಸದ್ದು ಸತ್ತುಹೋಗುತ್ತದೆ. ಹೆಸರಿನ ಮುದ್ರೆ ಒತ್ತುವುದು ಹಸಿ ಮಣ್ಣಿನಲ್ಲಿ, ಬಿರುಕು ಬೀಳುವುದು ಬೆಂಕಿಯಲ್ಲಿ. ಹಾಗಾಗಿ ಒಡಕು ಹಂಚಿನ ಮೇಲೂ ಮುದ್ರೆ ಅಂದವಾಗಿಯೇ ಇರುತ್ತದೆ. ನನಗೆ ಆರೇಳು ವರ್ಷವಿದ್ದಾಗ ಅಜ್ಜ ನಮ್ಮ ಮನೆಯ ಮಾಡಿನ ಹಂಚು ಬದಲಿಸುವಾಗ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ತಟ್ಟುತ್ತಿದ್ದರು. ನಾನು ಮುದ್ರೆಯ ಅಕ್ಷರ ಓದಲು ಕಲಿಯುತ್ತಿದ್ದೆ. ಅವರು ಅದನ್ನು ನೋಡುತ್ತಲೇ ಇರಲಿಲ್ಲ.

ಮರುದಿನ ಆದಿತ್ಯವಾರ. ಕರ್ತನ ಭೋಜನ, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸ ತೆಗೆದುಕೊಳ್ಳುವ ಆರಾಧನೆ ಇತ್ತು. ನಾನು ಎದ್ದು ಮುಂದೆ ಹೋಗಲಿಲ್ಲ. ಹೋಗದೆ ಕೂರುವುದು ಸುಲಭ ಅಲ್ಲ, ಹಿಂದಿನ ಬೆಂಚಿನವರು ಮೊಣಕಾಲು ನೋವಾ ಎಂದು ಕೇಳಿದರು. ಹೌದು ಎಂದೆ. ಇನ್ನೊಂದು ಸುಳ್ಳು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಲೆಕ್ಕ ತೋರಿಸಿದೆ. ಅಷ್ಟು ಸಾಮಾನಿನ ಹಣವನ್ನು ಲೆಕ್ಕ ಹಾಕಿ ಕವರಿನಲ್ಲಿಟ್ಟು ಸಭೆಯ ಕಾಣಿಕೆಗೆ ಹಾಕುತ್ತೇನೆ ಎಂದೆ. ಹೇಳುವಾಗ ನನಗೇ ಸ್ವಲ್ಪ ಹಗುರ ಅನಿಸಿತು. ಅವಳು ಬಂಗುಡೆ ಸಾರಿಗೆ ತೆಂಗಿನಕಾಯಿ ತುರಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

‘ದೇವರು ನಮ್ಮ ಅಂಗಡಿಯಿಂದ ಮೆಣಸು ತೆಗೆದುಕೊಂಡಿದ್ದಾರಾ?’ ಎಂದಳು.

ಅದರ ಮೇಲೆ ನನಗೆ ಮಾತಿರಲಿಲ್ಲ. ಯಾಜಕಕಾಂಡದಲ್ಲೂ ಹಾಗೆಯೇ ಇದೆ. ಮೋಸ ಮಾಡಿ ತೆಗೆದುಕೊಂಡದ್ದನ್ನು ಮೊದಲು ಯಾರದೋ ಅವರಿಗೆ ಕೊಡಬೇಕು, ಪೂರ್ತಿ ಕೊಟ್ಟು ಮೇಲೆ ಐದರಲ್ಲಿ ಒಂದು ಪಾಲು ಸೇರಿಸಬೇಕು. ಆಮೇಲೆ ಯಜ್ಞದ ಮಾತು. ಯೇಸುವನ್ನು ಕಂಡು ಮನಸ್ಸು ತಿರುಗಿದ ಜಕ್ಕಾಯನಂತೂ ನಾಲ್ಕರಷ್ಟು ಕೊಡುತ್ತೇನೆ ಎಂದ. ನನ್ನ ಲೆಕ್ಕಕ್ಕೆ ಅದು 700 ಕಿಲೋ. ಜಕ್ಕಾಯ ಸುಂಕದವರಲ್ಲಿ ಮುಖ್ಯಸ್ಥ, ಹಣವಂತ, ನಾನು ಮಗಳ ಫೀಸು ಕಟ್ಟುವವನು ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ವಚನದಲ್ಲಿ ಅಗ್ಗದ್ದನ್ನು ಆರಿಸಿದೆ. ವ್ಯಾಪಾರಿಯ ಬುದ್ಧಿ, ಏನು ಮಾಡುವುದು.

ಎಂಟು ಗ್ರಾಮಿಗೆ ಐದರಲ್ಲೊಂದು ಸೇರಿಸಿದರೆ 9.6. ಹತ್ತು ಎಂದಿಟ್ಟೆವು. ಇನ್ನು 14 ತಿಂಗಳು, ಕಾಲು ಕಿಲೋಗಿಂತ ಕಮ್ಮಿ ಒಯ್ಯುವ ಎಲ್ಲರಿಗೂ ಕವರಿನ ತೂಕ ಕಳೆದು ಹತ್ತು ಗ್ರಾಂ ಜಾಸ್ತಿ. ಯಾರಿಗೂ ಹೇಳುವುದು ಬೇಡ ಎಂದಳು ಹೆಂಡತಿ. ಹೇಳಿದರೆ ನೀವು ಅದಕ್ಕೂ ಚಪ್ಪಾಳೆ ಕಾಯುತ್ತೀರಿ ಎಂದಳು. ಕುಂಬಳಕಾಯಿಯನ್ನು ಅವಳು ಮರೆತಿರಲಿಲ್ಲ.

ಅಂಗಡಿಯ ಹುಡುಗನಿಗೆ ಮಾತ್ರ ಹೇಳಲೇಬೇಕಾಯಿತು. ‘ಕವರು ಇಡು, ಟೇರ್ ಒತ್ತು, ಸೊನ್ನೆ ನೋಡು, 100 ಕೇಳಿದರೆ 110 ಹಾಕು.’ ಅವನು ಯಾಕೆ ಎಂದು ಕೇಳಿದ. ಕಾರಣ ಹೇಳಿದೆ. ನಮ್ಮ ಧರ್ಮದವನಲ್ಲ ಅವನು, ಪುತ್ತೂರು ಕಡೆಯ ಹುಡುಗ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗೆ ಮೊದಲೇ ಗೊತ್ತಿತ್ತು ಅಣ್ಣ, ನೀವು ಬೇಕಂತಲೇ ಮಾಡುವುದು ಅಂತ ನಾನು ಎಣಿಸಿದ್ದೆ’ ಎಂದ. 14 ತಿಂಗಳು ಅವನು ನನ್ನ ಜೊತೆ ನಿಂತು ಕಲಿತದ್ದು ಅದು. ಬೆಳಿಗ್ಗೆ ಶಟರ್ ಎತ್ತಿ ನಾನು ಪ್ರಾರ್ಥನೆ ಮಾಡುವಾಗ ಅವನು ಕೈಕಟ್ಟಿ ನಿಲ್ಲುತ್ತಿದ್ದ, ಮತ್ತೆ ಸಂಜೆವರೆಗೆ ಕವರು ಸಮೇತ ತೂಗುತ್ತಿದ್ದ. ಈ ಮಾತು ಅಕ್ಕನ ಮಾತಿಗಿಂತ ಜಾಸ್ತಿ ಚುಚ್ಚಿತು. ಅದಕ್ಕೆ ಐದರಲ್ಲೊಂದು ಪಾಲು ಹೇಗೆ ಕೊಡುವುದೋ ಈಗಲೂ ತಿಳಿದಿಲ್ಲ.

ಮೂರು ವಾರ ಎಲ್ಲ ಗುಟ್ಟಾಗಿ ನಡೆಯಿತು. ನಾಲ್ಕನೆಯ ವಾರ ಬೀಡಿ ಅಕ್ಕ ಕವರು ಹಿಡಿದು ವಾಪಸ್ ಬಂದರು.

‘ನಿಮ್ಮ ತಕ್ಕಡಿ ಪುನಃ ಹಾಳಾಗಿದೆ’ ಎಂದರು. ‘ಮೆಣಸು ಮಾತ್ರವೇ 110 ಉಂಟು. ಆಮೇಲೆ ಬಾಕಿಯಲ್ಲಿ ಬರೆಯಬೇಡಿ.’

ಇನ್ನೇನು ಮಾಡುವುದು, ಎಲ್ಲ ಹೇಳಿದೆ. ಎಂಟು ಗ್ರಾಂ, ಹತ್ತು ಗ್ರಾಂ, 14 ತಿಂಗಳು. ಅವರು ಎಲೆಯ ಕಟ್ಟನ್ನು ಅಕ್ಕಿ ಗೋಣಿಯ ಮೇಲಿಟ್ಟು ಪೂರ್ತಿ ಕೇಳಿದರು. ನಾನು ಏನು ಕಾಯುತ್ತಿದ್ದೆನೋ, ‘ಇರಲಿ ಬಿಡಿ’ ಎನ್ನುತ್ತಾರೆ ಎಂದೇ ಇರಬೇಕು.

‘14 ತಿಂಗಳು ನಾನು ಇರುತ್ತೇನೋ ಇಲ್ಲವೋ’ ಎಂದರು. ‘ನನ್ನದು ಒಟ್ಟಿಗೇ ಕೊಟ್ಟುಬಿಡಿ.’

ಬಾಕಿ ಪುಸ್ತಕ ತೆಗೆದೆ. ವಾರಕ್ಕೆ ಆರು ಕವರು. 60 ವಾರ. 360 ಕವರು, 2 ಕಿಲೋ 880 ಗ್ರಾಂ. ಐದರಲ್ಲೊಂದು ಸೇರಿಸಿ 3 ಕಿಲೋ 456. ಮೂರು ವಾರದಲ್ಲಿ ಜಾಸ್ತಿ ಹೋದ 180 ಗ್ರಾಂ ಕಳೆಯಬೇಕು ಎಂದು ನೆನಪು ಮಾಡಿದ್ದು ಅವರೇ. ಜೀರಿಗೆಗೆ ಕ್ರಯ ಜಾಸ್ತಿ, ಅದನ್ನು ಬೇರೆ ಇಡಿ ಎಂದರು. ಹುಳಿ ಒಯ್ದ ವಾರಗಳನ್ನೂ ಬೆರಳಿಟ್ಟು ತೋರಿಸಿದರು. ಮೆಣಸು, ಕೊತ್ತಂಬರಿ, ಜೀರಿಗೆ, ಹುಳಿ ನಾಲ್ಕು ರಾಶಿ ಮಾಡಿದೆ. ಹುಡುಗ ದೊಡ್ಡ ಕವರು ತಂದು ತಕ್ಕಡಿಯ ಮೇಲೆ ಇಟ್ಟ. ನಾನು ಮೆಣಸು ತುಂಬಿದ ಸೇರನ್ನು ಎತ್ತುವಷ್ಟರಲ್ಲಿ ಅಕ್ಕ ‘ನಿಲ್ಲಿ’ ಎಂದು ಕೈ ಚಾಚಿ, ಎಲೆಯ ಕರೆ ಹತ್ತಿದ ಹೆಬ್ಬೆರಳಿನಿಂದ ತಾವೇ ಟೇರ್ ಒತ್ತಿದರು.